‘ಶೇರ್’ ಮಾಡಿದ ಫೋಲ್ಡರ್‌ಗೆ ‘ಹಂಚಿಕೆ’ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಕಂಪ್ಯೂಟರ್ ವಿಂಡೋಸ್, ನನ್ನದು ಉಬುಂಟು (ಲಿನಕ್ಸ್‌ನ ಒಂದು ಬಗೆ). ಎರಡೂ ಒಂದೇ ವೈಫೈನಲ್ಲಿವೆ. ಒಂದರ ಫೈಲುಗಳನ್ನು ಇನ್ನೊಂದರಲ್ಲಿ ತೆರೆಯೋದು ಹೇಗೆ ಅಂತ ಮನೆಮಂದಿಗೆಲ್ಲ ಅರ್ಥವಾಗುವ ಹಾಗೆ ಒಂದು ಪುಟ ಬರೆಯುತ್ತಿದ್ದೇನೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗೋ ತನಕ ಬರವಣಿಗೆ ಸರಾಗ. ‘ಶೇರಿಂಗ್’ ಬಂದಲ್ಲಿ ಸಿಕ್ಕಿಹಾಕಿಕೊಂಡೆ.

‘ಹಂಚಿಕೆ’ ಅಂತ ಬರೆದಿದ್ದೆ. ಅಪ್ಪ ಓದಿ, “ಹಂಚಿಬಿಟ್ರೆ ನಿನ್ ಹತ್ರ ಏನುಳಿಯುತ್ತೆ?” ಅಂದರು. ಮಂಡ್ಯ ಕಡೆಯ ರೈತರ ಮನೆಯವರು. ಹಂಚಿಕೆ ಅಂದರೆ ಅವರಿಗೆ ಅಣ್ಣತಮ್ಮಂದಿರ ಜಮೀನು ಭಾಗವೇ. ಫೋನಿನಲ್ಲಿ ‘ಹಂಚಿಕೊಳ್ಳಿ’ ಒತ್ತಿದರೆ ಫೋಟೋದ ಇನ್ನೊಂದು ಪ್ರತಿ ಹೋಗುತ್ತೆ, ಅದು ಸರಿ. ಇಲ್ಲಿ ಫೈಲು ಇದ್ದಲ್ಲೇ ಇರುತ್ತೆ, ಇನ್ನೊಬ್ಬರು ಅದನ್ನೇ ತೆರೆಯುತ್ತಾರೆ. ಅವರು ಅಳಿಸಿದರೆ ನಮ್ಮಲ್ಲೂ ಹೋಯ್ತು. ವಿಂಡೋಸ್‌ನಲ್ಲಿ ಕೂತು ನೆಟ್‌ವರ್ಕ್ ಫೋಲ್ಡರಿನ ಫೈಲು ಅಳಿಸಿದರೆ ಅದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೂ ಬೀಳೋದಿಲ್ಲ. ಪದ ದಾರಿ ತಪ್ಪಿಸಿದರೆ ಮದುವೆ ಫೋಟೋಗಳೇ ಹೋದಾವು!

ಅಪ್ಪ ಸೂಚಿಸಿದ್ದು ‘ಪಾಲಿಗೆ ಕೊಡೋದು’. ಗದ್ದೆಯನ್ನೋ ಹಸುವನ್ನೋ ಪಾಲಿಗೆ ಕೊಟ್ಟರೆ ಒಡೆತನ ನಮ್ಮದೇ, ಮಾಡಿಕೊಳ್ಳೋರು ಬೇರೆ. ಕೇಳೋಕೆ ಚೆಂದ. ಆದರೆ ಅಲ್ಲಿ ಬಂದಿದ್ದರಲ್ಲಿ ನಮಗೂ ಪಾಲು ಬರಬೇಕಲ್ವಾ? ‘ಎರವಲು’ ಅಂದರೆ ವಾಪಸ್ ಕೊಡಬೇಕು. ನನ್ನ ಓಟು ‘ಬಳಕೆಗೆ ಬಿಟ್ಟ ಫೋಲ್ಡರ್’ಗೆ. ಉದ್ದ ಜಾಸ್ತಿ ಆಯ್ತು, ಆದರೆ ಬಿಡಿಸಿ ಹೇಳಬೇಕಿಲ್ಲ.

‘ಸಾಂಬಾ’ವನ್ನು ಮಾತ್ರ ಮುಟ್ಟಿಲ್ಲ. ವಿಂಡೋಸ್ ಫೈಲು ಕೊಡೋಕೆ ತಗೊಳ್ಳೋಕೆ ಬಳಸುವ ಎಸ್‌ಎಂಬಿ ಅನ್ನೋ ಭಾಷೆ ಲಿನಕ್ಸ್‌ಗೂ ಬರುವಂತೆ ಮಾಡೋ ತಂತ್ರಾಂಶ ಅದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಹೊರತಂದಿದ್ದು. ಎಸ್, ಎಂ, ಬಿ ಇದೇ ಸಾಲಿನಲ್ಲಿ ಬರುವ ಪದ ಯಾವುದಿದೆ ಅಂತ ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ ಆರಿಸಿದ ಹೆಸರಂತೆ. ನಮ್ಮ ಮನೆಯಲ್ಲಿ ಅದು ಸಾಂಬಸದಾಶಿವನೇ ಆಗಿದೆ, ಇರಲಿ ಬಿಡಿ.

ಇನ್ನೊಂದು ತೊಡಕು ಅನುಮತಿಗಳದ್ದು. ‘ಓದಲು ಮಾತ್ರ’ ಅಂತ ಎಲ್ಲ ಕಡೆ ಬರೆಯುತ್ತಾರೆ. ಹಾಡಿನ ಫೋಲ್ಡರನ್ನು ಯಾರು ಓದ್ತಾರೆ? ‘ನೋಡಲು’ ಅಂದರೂ ಹಾಡು ಹೊರಗುಳಿಯುತ್ತೆ. ಸದ್ಯಕ್ಕೆ ‘ತೆರೆಯಲು ಮಾತ್ರ’, ‘ತಿದ್ದಲೂಬಹುದು’ ಅಂತ ಇಟ್ಟಿದ್ದೇನೆ. ಮೊದಲನೆಯದು ಪರವಾಗಿಲ್ಲ. ಆದರೆ ‘ತಿದ್ದಲೂಬಹುದು’ ಅಂದರೆ ಅಳಿಸಲೂಬಹುದು ಅಂತ ಓದಿದವರಿಗೆ ಹೊಳೆಯುತ್ತಾ? ನೀವಾದರೆ ಏನಂತ ಬರೆಯುತ್ತಿದ್ದಿರಿ?