ಮಣ್ಣಿನ ಬ್ಲಾಕೋ, ಎಎಸಿ ಬ್ಲಾಕೋ? ಮನೆ ಕಟ್ಟುವವರ ಪರಿಸರದ ಲೆಕ್ಕ

ಪ್ರಶ್ನೆ: ತುಮಕೂರಿನ ಹೊರವಲಯದ 30×40 ನಿವೇಶನದಲ್ಲಿ ಎರಡು ಅಂತಸ್ತು ಸೇರಿ ಸುಮಾರು 2,000 ಚದರಡಿಯ ಮನೆ ಕಟ್ಟಿಸಬೇಕೆಂದಿದ್ದೇವೆ. ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್) ಬಳಸಿದರೆ ಮನೆ ತಾನಾಗಿಯೇ ಪರಿಸರಸ್ನೇಹಿಯಾಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ವಾಸ್ತುಶಿಲ್ಪಿಯವರು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಸೂಚಿಸಿದ್ದಾರೆ. ಯಾವುದು ಮೇಲು? ಇದಕ್ಕೆ ಪರಿಸರ ಅನುಮತಿಯೇನಾದರೂ ಬೇಕೇ?

ಉತ್ತರ: ಅನುಮತಿಯ ಚಿಂತೆ ಬೇಡ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ ಕಟ್ಟಡಗಳಿಗೆ ಪೂರ್ವಾನುಮತಿ ಬೇಕಾಗುವುದು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ. ಆದರೆ ಕಾನೂನು ಕೇಳದಿದ್ದರೂ ಲೆಕ್ಕವನ್ನು ನೀವೇ ಹಾಕಬಹುದು, ಮತ್ತು ಆ ಲೆಕ್ಕವನ್ನು ಗೋಡೆಯಿಂದ ಆರಂಭಿಸಬಾರದು.

ಸಾಮಾನ್ಯ ಅಂದಾಜಿನಂತೆ ಆರ್‌ಸಿಸಿ (ಕಬ್ಬಿಣ ಸೇರಿಸಿದ ಕಾಂಕ್ರೀಟ್) ಕಂಬ-ತೊಲೆಗಳ ಚೌಕಟ್ಟಿನ ಮನೆಗೆ ಚದರಡಿಗೆ 0.4 ಚೀಲ ಸಿಮೆಂಟ್ ಮತ್ತು 4 ಕಿಲೋ ಕಬ್ಬಿಣ ಹಿಡಿದರೆ, ನಿಮ್ಮ ಮನೆಗೆ 40 ಟನ್ ಸಿಮೆಂಟ್, 8 ಟನ್ ಕಬ್ಬಿಣ ಬೇಕು. ಒಂದು ಟನ್ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್ ತಯಾರಾಗುವಾಗ ಸುಮಾರು 0.85 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದಕಲ್ಲು ಸುಟ್ಟು ವಿಭಜನೆಯಾಗುವುದರಿಂದಲೇ ಬರುವುದರಿಂದ, ಕಾರ್ಖಾನೆ ಎಷ್ಟೇ ಸೌರಶಕ್ತಿ ಬಳಸಿದರೂ ಆ ಪಾಲು ತಪ್ಪುವುದಿಲ್ಲ. ಕಬ್ಬಿಣದ್ದು ಟನ್ನಿಗೆ ಎರಡು ಟನ್ನಿಗೂ ಮೇಲೆ. ಅಂದರೆ ಇವೆರಡರಿಂದಲೇ 50 ಟನ್ ದಾಟುತ್ತದೆ. ಒಪಿಸಿ ಬದಲು ಹಾರುಬೂದಿ ಬೆರೆತ ಪಿಪಿಸಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟ್ ಕೊಂಡರೆ ಕೆಲವು ಟನ್ ಉಳಿಯುತ್ತದೆ. ದರದಲ್ಲೂ ಹೊರೆಯಾಗುವುದಿಲ್ಲ, ಇವು ನಿಧಾನವಾಗಿ ಗಟ್ಟಿಯಾಗುವುದರಿಂದ ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ಅಚ್ಚು) ಬಿಚ್ಚಲು ಆತುರಪಡಬಾರದು ಅಷ್ಟೇ.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ನಿಜವಾದ ಪ್ರಶ್ನೆ ಕಂಬ-ತೊಲೆಗಳ ಚೌಕಟ್ಟು ಬೇಕೇ, ಇಲ್ಲವೇ ಗೋಡೆಯೇ ಭಾರ ಹೊರುವ ಮನೆ ಸಾಕೇ ಎಂಬುದು. ಎರಡು ಅಂತಸ್ತಿಗೆ ಭಾರ ಹೊರುವ ಗೋಡೆ ಧಾರಾಳವಾಗಿ ಸಾಕು, ಕಬ್ಬಿಣವೂ ಗಣನೀಯವಾಗಿ ತಗ್ಗುತ್ತದೆ. (ಮುಂದೆ ಮೂರನೆಯ, ನಾಲ್ಕನೆಯ ಮಹಡಿ ಏರಿಸಿ ಬಾಡಿಗೆಗೆ ಕೊಡುವ ಆಸೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಈಗಲೇ ಹೇಳಿಬಿಡಿ.) ಆ ದಾರಿ ಹಿಡಿದರೆ ಮಣ್ಣಿನ ಬ್ಲಾಕ್ ಉತ್ತಮ: ಅದರ ಗೋಡೆ ಕಟ್ಟಲು ವ್ಯಯವಾಗುವ ಇಂಧನ ಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಯ ಮೂರನೆಯ ಒಂದು ಭಾಗದಷ್ಟು. ಚೌಕಟ್ಟೇ ಬೇಕೆಂದಾದರೆ ಹಗುರವಾದ, ಶಾಖ ತಡೆಯುವ ಎಎಸಿ ಬ್ಲಾಕ್ ತಪ್ಪಲ್ಲ. ಆದರೆ ಅದೂ ಸಿಮೆಂಟ್, ಸುಣ್ಣ ಬಳಸಿ ಒತ್ತಡದ ಹಬೆಯಲ್ಲಿ ಬೇಯಿಸಿದ್ದು ಎಂಬುದನ್ನು ಮರೆಯಬಾರದು.

ಮರುಪ್ರಶ್ನೆ: ಮಣ್ಣಿನ ಗೋಡೆ ಮಳೆಗೆ ಕರಗುವುದಿಲ್ಲವೇ? ನಮ್ಮ ನಿವೇಶನದ ಮಣ್ಣೇ ಆಗುತ್ತದೆಯೇ?

ಉತ್ತರ: ಸುಮಾರು ಶೇ. 7ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ಹುಲ್ಲು ಅಥವಾ ಗೋಣಿ ಹೊದಿಸಿ ನೀರುಣಿಸಿದ ಬ್ಲಾಕ್ ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರ ಈ ತಂತ್ರವನ್ನು ನಮ್ಮ ಕೆಂಪು ಮಣ್ಣಿಗೆ ಒಗ್ಗಿಸಿದೆ. ಕೆಡುವುದು ಹೆಚ್ಚಾಗಿ ನೀರುಣಿಸುವುದರಲ್ಲಿ: ಎರಡೇ ದಿನ ನೀರು ಚಿಮುಕಿಸಿ ಬಿಸಿಲಿಗೆ ಬಿಟ್ಟ ಬ್ಲಾಕಿನ ಅಂಚು ಬೆರಳಲ್ಲಿ ಉಜ್ಜಿದರೂ ಉದುರುತ್ತದೆ. ಬಲವನ್ನು ಪರೀಕ್ಷಿಸುವಾಗ ಒಣ ಬ್ಲಾಕಿನದ್ದಲ್ಲ, 48 ಗಂಟೆ ನೀರಿನಲ್ಲಿ ನೆನೆಸಿದ್ದರ ವರದಿ ಕೇಳಿ.

ಮಣ್ಣು ನೋಡಲು ಮೇಲ್ಪದರ ಬಿಟ್ಟು ಸಂಪಿನ ಗುಂಡಿಯ ಆಳದಿಂದ ತೆಗೆಯಿರಿ. ಗಾಜಿನ ಜಾಡಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟರೆ ಮರಳು ಕ್ಷಣದಲ್ಲೇ ತಳ ಸೇರುತ್ತದೆ, ಜೇಡಿ ಮರುದಿನದ ಹೊತ್ತಿಗೆ ಮೇಲೆ ಕೂರುತ್ತದೆ. ಜೇಡಿಯ ಪದರ ದಪ್ಪವಿದ್ದರೆ ಕ್ವಾರಿ ಪುಡಿ ಬೆರೆಸಬೇಕು. ಎರೆಮಣ್ಣಾದರೆ ಈ ಯೋಚನೆಯನ್ನೇ ಕೈಬಿಡಿ.

ಇನ್ನೊಬ್ಬರ ಪ್ರಶ್ನೆ: ನಾವು ಕೊಳ್ಳಲಿರುವ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ಹಸಿರು ರೇಟಿಂಗ್ ಎಂದಿದೆ. ಅದನ್ನು ನಂಬಬಹುದೇ?

ಉತ್ತರ: ಗೃಹ (GRIHA), ಐಜಿಬಿಸಿ (IGBC) ಎರಡೂ ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಉಪಯುಕ್ತ ಪದ್ಧತಿಗಳೇ. ಆದರೆ ಜಾಹೀರಾತಿನಲ್ಲಿ ಕಾಣುವುದು ಎಷ್ಟೋ ಬಾರಿ ನಕ್ಷೆ ಮತ್ತು ಉದ್ದೇಶವನ್ನು ನೋಡಿ ಕೊಟ್ಟ ಪೂರ್ವ ಪ್ರಮಾಣಪತ್ರ. ಕಟ್ಟಿ ಮುಗಿದ ಮೇಲಿನ ಅಂತಿಮ ಪ್ರಮಾಣಪತ್ರ ಬೇರೆ. ಕೈಗೆ ಬಂದಿರುವುದು ಯಾವುದು, ನೀರು ಮತ್ತು ವಿದ್ಯುತ್ತಿನ ವಿಭಾಗಗಳಲ್ಲಿ ಎಷ್ಟು ಅಂಕ ಬಂದಿದೆ ಎಂದು ಬರವಣಿಗೆಯಲ್ಲಿ ಕೇಳಿ. ಅಂತಿಮ ಪತ್ರ ಇನ್ನೂ ಬಂದಿಲ್ಲವಾದರೆ, ಅದನ್ನು ಪಡೆದುಕೊಡುವ ಹೊಣೆಯನ್ನು ಮಾರಾಟದ ಕರಾರಿನಲ್ಲೇ ಸೇರಿಸಲು ಒತ್ತಾಯಿಸಿ.