ಪ್ರಾರ್ಥನೆಗೆ ಕೂತರೆ ಮನಸ್ಸೇ ನಿಲ್ಲುವುದಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಬಂದ ಪ್ರಶ್ನೆ:

"ಚಿಕ್ಕಂದಿನಿಂದ ಚರ್ಚ್‌ಗೆ ಹೋಗಿ ಬೆಳೆದವಳು ನಾನು. ಈಗ 36 ವರ್ಷ. ದಿನವೂ ಬೆಳಿಗ್ಗೆ ಸತ್ಯವೇದ (ಬೈಬಲ್) ತೆರೆದು ಕೂರುತ್ತೇನೆ. ಅಧ್ಯಾಯ ಮುಗಿಯುವಷ್ಟರಲ್ಲಿ ಏನು ಓದಿದೆ ಅನ್ನುವುದೇ ನೆನಪಿರುವುದಿಲ್ಲ. ಕಣ್ಣು ಮುಚ್ಚಿದರೆ ಆಫೀಸಿನ ಕೆಲಸ, ಮಕ್ಕಳ ಫೀಸು, ನಿನ್ನೆ ಯಾರೋ ಆಡಿದ ಮಾತು. ರಾತ್ರಿ ಪ್ರಾರ್ಥನೆ ಮಾಡುತ್ತಾ ಮಾಡುತ್ತಾ ನಿದ್ದೆ. ಮೊದಲು ಹಾಡುವಾಗ ಕಣ್ಣು ತುಂಬುತ್ತಿತ್ತು. ಈಗ ಬರೀ ಬಾಯಿ ಆಡುತ್ತದೆ. ಬೇರೆಯವರು ಸಾಕ್ಷಿ ಹೇಳುವಾಗ 'ದೇವರು ನನ್ನ ಜೊತೆ ಮಾತಾಡಿದರು' ಅನ್ನುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ಒಬ್ಬರ ಹತ್ತಿರ ಹೇಳಿಕೊಂಡೆ. 'ನಿನ್ನಲ್ಲಿ ಏನೋ ಪಾಪ ಅಡಗಿದೆ, ಹುಡುಕು' ಎಂದರು. ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ದೇವರಿಗೆ ಹತ್ತಿರವಾಗುವುದು ಹೇಗೆ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಅಕ್ಕಾ, ನಿಮ್ಮ ಪತ್ರ ಓದಿ ನಾನೇ ಬರೆದದ್ದೇನೋ ಅನಿಸಿತು. ನನಗೆ ಎರಡು ಮಕ್ಕಳು. ಚಿಕ್ಕದಕ್ಕೆ ಮೂರು ವರ್ಷ. ನಾನು ಬೆಳಿಗ್ಗೆ ಐದಕ್ಕೆ ಎದ್ದರೆ ಅದೂ ಐದಕ್ಕೇ ಏಳುತ್ತದೆ. ನಾಲ್ಕೂವರೆಗೆ ಎದ್ದು ನೋಡಿದೆ. ಅದೂ ನಾಲ್ಕೂವರೆಗೆ ಎದ್ದಿತು!

ಒಂದು ದಿನ ಅದನ್ನು ಮಡಿಲಲ್ಲಿ ಕೂರಿಸಿಕೊಂಡೇ ಮಾರ್ಕನ ಸುವಾರ್ತೆ ಓದುತ್ತಿದ್ದೆ. ಮೊದಲನೇ ಅಧ್ಯಾಯದ 35ನೇ ವಚನ ನಮಗೆಲ್ಲ ಗೊತ್ತು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಬೇಗ ಏಳಿ ಅಂತ ಹೇಳಲು ಎಲ್ಲರೂ ಇದೇ ವಚನ ತೋರಿಸುತ್ತಾರೆ. ಅದರ ಮುಂದಿನದು ಯಾರೂ ಓದುವುದಿಲ್ಲ. ಪೇತ್ರ ಮತ್ತು ಜೊತೆಯವರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅನ್ನುತ್ತಾರೆ! ಅವರ ಪ್ರಾರ್ಥನೆಯ ಹೊತ್ತಿಗೂ ಅಡ್ಡಿ ಬಂತು. ಯೇಸು ಬೈಯಲಿಲ್ಲ. ಬನ್ನಿ, ಮುಂದಿನ ಊರುಗಳಿಗೆ ಹೋಗೋಣ ಎಂದು ಹೊರಟುಬಿಟ್ಟರು. ಅವತ್ತು ನನ್ನ ಎದೆಯ ಭಾರ ಅರ್ಧ ಇಳಿಯಿತು.

ಈಗ ನನ್ನ ಪ್ರಾರ್ಥನೆ ಒಗೆದ ಬಟ್ಟೆ ಮಡಿಸುವಾಗ. ಗಂಡನ ಅಂಗಿ ಕೈಗೆ ಬಂದರೆ ಅವರಿಗಾಗಿ ಎರಡು ಮಾತು. ಅತ್ತೆಯ ಸೀರೆ ಬಂದರೆ ಅವರ ಮಂಡಿ ನೋವು. (ಅತ್ತೆಯ ಮೇಲೆ ಸಿಟ್ಟಿರುವ ದಿನ ಆ ಸೀರೆಯನ್ನು ಸ್ವಲ್ಪ ಜಾಸ್ತಿ ಹೊತ್ತೇ ಮಡಿಸುತ್ತೇನೆ.) ಮಗನ ಕಾಲುಚೀಲದಲ್ಲಿ ಒಂದು ಯಾವಾಗಲೂ ಕಾಣೆ. ಅದನ್ನು ಹುಡುಕುತ್ತಾ ಅವನ ಶಾಲೆಯ ವಿಷಯ ಹೇಳುತ್ತೇನೆ. ಬುಟ್ಟಿ ಖಾಲಿಯಾದಾಗ ಆಮೆನ್. ಇದು ಏಕಾಂತದ ಪ್ರಾರ್ಥನೆಗೆ ಸಮ ಅಂತ ನಾನು ವಾದ ಮಾಡುವುದಿಲ್ಲ. ಸದ್ಯಕ್ಕೆ ನನ್ನ ಕೈಲಿ ಆಗುವುದು ಇದು.

— ಇಬ್ಬರು ಮಕ್ಕಳ ತಾಯಿ

*

ಪ್ರಿಯ ಸಹೋದರಿ, ನಾನು ನರ್ಸ್. ಹಾಗಾಗಿ ಮೊದಲು ಕೇಳುವುದು ಬೇರೆಯದೇ ಪ್ರಶ್ನೆ. ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ? ಸರಿಯಾಗಿ ಊಟ ಮಾಡುತ್ತೀರಾ? ಪ್ರಾರ್ಥನೆ ಒಂದೇ ಸಪ್ಪೆಯಾಗಿದೆಯೋ, ಇಷ್ಟಪಡುತ್ತಿದ್ದ ಎಲ್ಲವೂ ಸಪ್ಪೆಯಾಗಿದೆಯೋ? ಎಲ್ಲವೂ ಅಂತಾದರೆ, ಅದು ವಾರಗಟ್ಟಲೆ ಹಾಗೇ ಇದ್ದರೆ, ದಯವಿಟ್ಟು ಒಬ್ಬ ಡಾಕ್ಟರನ್ನು ಕಾಣಿ. ಖಿನ್ನತೆಯೂ ಹೀಗೇ ಕಾಣಿಸಿಕೊಳ್ಳಬಹುದು. ಡಾಕ್ಟರ್ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ಅರ್ಥ ಅಲ್ಲವೇ ಅಲ್ಲ.

1 ಅರಸುಗಳು 19ನೇ ಅಧ್ಯಾಯ ಓದಿ. ಎಲೀಯ ಸಾಮಾನ್ಯನಲ್ಲ, ದೊಡ್ಡ ಪ್ರವಾದಿ. ಅವನೇ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೊಂಡುಬಿಡು ಅಂತ ದೇವರನ್ನು ಕೇಳಿದ. ದೇವರು ಪ್ರಸಂಗ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅನ್ನಲಿಲ್ಲ. ಅವನು ಮಲಗಿದ್ದಾಗ ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಿಂದು ಕುಡಿದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲಿನ ಆ ಮೆಲ್ಲನೆಯ ಶಬ್ದ, ಇವೆಲ್ಲ ಬಂದದ್ದು 40 ದಿನ ಕಳೆದು, ಹೋರೇಬ್ ಬೆಟ್ಟದಲ್ಲಿ. ಊಟ ನಿದ್ದೆ ಮೊದಲು ಬಂತು.

ಇನ್ನು 'ಪಾಪ ಅಡಗಿದೆ' ಎಂದವರ ವಿಷಯ. ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ ಯೋಬನಿಗೆ ಅವನ ಗೆಳೆಯರು ಹೇಳಿದ್ದೂ ಅದನ್ನೇ ಅಲ್ವಾ? ಅಧ್ಯಾಯಗಟ್ಟಲೆ ಹೇಳಿದರು. ಕೊನೆಗೆ ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರ ಕೋಪ ಯಾರ ಮೇಲೆ ಬಂತು ನೋಡಿ. ಯೋಬನ ಮೇಲಲ್ಲ.

— ನರ್ಸ್, 41

*

ನಾನು ನಿವೃತ್ತ ಮೇಷ್ಟ್ರು. ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ ತಂಗಿ. ನೀವು ಜಾಸ್ತಿ ಓದುತ್ತಿದ್ದೀರಿ. ಅದೇ ತೊಂದರೆ.

ವರ್ಷಕ್ಕೆ ಒಂದು ಸಲ ಇಡೀ ಸತ್ಯವೇದ ಮುಗಿಸಬೇಕು ಅಂತ ನಾನೂ ಹೊರಟಿದ್ದೆ. ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ಹೆಚ್ಚು. ಜನವರಿಯಲ್ಲಿ ಉತ್ಸಾಹ. ಯಾಜಕಕಾಂಡಕ್ಕೆ ಬರುವಾಗ ಬಾಕಿ ಬಿದ್ದ ಪಾಠದ ಹಾಗೆ ಓಡಿಸುತ್ತಿದ್ದೆ. ಟಿಕ್ ಹಾಕುವುದೇ ಭಕ್ತಿಯಾಯಿತು. ಬಿಟ್ಟುಬಿಟ್ಟೆ.

ಈಗ ದಿನಕ್ಕೆ ಏಳೆಂಟು ವಚನ, ಅಷ್ಟೇ. ಎರಡು ಸಲ ಓದುತ್ತೇನೆ. ಎರಡನೇ ಸಲ ಗಟ್ಟಿಯಾಗಿ. ಯಾವುದಾದರೂ ಒಂದು ಮಾತು ಬಟ್ಟೆಗೆ ಮುಳ್ಳು ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಳ್ಳುತ್ತದೆ. ಅಲ್ಲೇ ನಿಲ್ಲುತ್ತೇನೆ. ಅದನ್ನೇ ಪ್ರಾರ್ಥನೆ ಮಾಡುತ್ತೇನೆ. ಏನೂ ಸಿಗದ ದಿನಗಳೂ ಇವೆ. ಆ ದಿನ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ ಏಳುತ್ತೇನೆ. ನಮಗೆ ಪ್ರಾರ್ಥನೆ ಮಾಡಲು ಕಲಿಸು ಎಂದು ಶಿಷ್ಯರೇ ಕೇಳಿದಾಗ ಯೇಸು ಕೊಟ್ಟದ್ದು ಇಷ್ಟು ಚಿಕ್ಕದು. ಅರ್ಧ ನಿಮಿಷ ಸಾಕು.

ಆ ಪ್ರಾರ್ಥನೆಯಲ್ಲಿ ರೊಟ್ಟಿ ಕೇಳುವುದೂ ಇವತ್ತಿನದು ಮಾತ್ರ. ಇಡೀ ವರ್ಷದ್ದನ್ನು ಒಟ್ಟಿಗೆ ಕೇಳುವುದಿಲ್ಲ.

ಮನಸ್ಸು ಓಡುವುದಕ್ಕೆ ನನ್ನ ಮದ್ದು: ಪಕ್ಕದಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್. 'ಫೀಸು' ನೆನಪಾಯಿತಾ? ಚೀಟಿಯಲ್ಲಿ ಬರೆಯಿರಿ. 'ಆಕೆ ಆಡಿದ ಮಾತು.' ಬರೆಯಿರಿ. ಐದು ನಿಮಿಷಕ್ಕೆ ಚೀಟಿ ತುಂಬುತ್ತದೆ. ಆಗ ಆ ಚೀಟಿಯನ್ನೇ ಕೈಯಲ್ಲಿ ಹಿಡಿದು ಒಂದೊಂದಾಗಿ ದೇವರಿಗೆ ಹೇಳಿ. ಓಡಿಹೋಗುವ ಮನಸ್ಸು ಎಲ್ಲಿಗೆ ಓಡುತ್ತದೋ ಅಲ್ಲೇ ನಮ್ಮ ನಿಜವಾದ ಪ್ರಾರ್ಥನೆ ಇರುತ್ತದೆ. ನಾವು ಅದನ್ನು ಓಡಿಸಿ, ಚರ್ಚ್‌ನಲ್ಲಿ ಕೇಳಿದ ದೊಡ್ಡ ಮಾತುಗಳನ್ನು ಕೂರಿಸುತ್ತೇವೆ. ಆಮೇಲೆ ಸಪ್ಪೆ ಅನ್ನುತ್ತೇವೆ.

ಹೊತ್ತು ಮಾತ್ರ ಒಂದೇ ಇರಲಿ, ಜಾಗವೂ ಒಂದೇ ಇರಲಿ. ಪ್ರವಾದಿ ದಾನಿಯೇಲ ದಿನಕ್ಕೆ ಮೂರು ಸಲ ಒಂದೇ ಕಿಟಕಿಯ ಹತ್ತಿರ ಮೊಣಕಾಲೂರುತ್ತಿದ್ದ. ನಿಮಗೆ ಒಂದು ಸಲ ಸಾಕು. ಹತ್ತು ನಿಮಿಷ. ಫೋನ್ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಸತ್ಯವೇದ ಓದುತ್ತೇನೆ ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಅವರೇ ಅನುಭವಿಸಿ ಕಲಿಯುತ್ತಾರೆ.

— ನಿವೃತ್ತ ಶಿಕ್ಷಕ

*

ಮಗ ಆಪರೇಷನ್ ಥಿಯೇಟರ್ ಒಳಗಿದ್ದ. ಹೊರಗೆ ಮೂರು ಗಂಟೆ. ಇಪ್ಪತ್ತು ವರ್ಷ ಪ್ರಾರ್ಥನಾ ಕೂಟ ನಡೆಸಿದವಳು ನಾನು, ಬಾಯಲ್ಲಿ ಒಂದು ವಾಕ್ಯ ಬರಲಿಲ್ಲ. ನೆಲದ ಟೈಲ್ಸ್ ಎಣಿಸುತ್ತಿದ್ದೆ. ಒಂದು ಟೈಲ್‌ಗೆ ಒಂದು ಸಲ 'ಕರ್ತನೇ'. ಗೋಡೆಯವರೆಗೆ ಹೋಗಿ ಮತ್ತೆ ವಾಪಸ್. ಏನು ಬೇಡಬೇಕೆಂದು ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಅದನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೆ. ಅರ್ಥವಾದದ್ದು ಆ ದಿನ.

— ಓದುಗಿ, 58

*

ಉಳಿದವರು ಏನು ಬರೆಯುತ್ತಾರೋ ಗೊತ್ತಿಲ್ಲ. 'ಭಾವನೆ ಮುಖ್ಯ ಅಲ್ಲ, ವಿಶ್ವಾಸ ಮುಖ್ಯ' ಅಂತ ಖಂಡಿತ ಒಬ್ಬರಾದರೂ ಬರೆದಿರುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಭಾವನೆ ಮುಖ್ಯ ಅಲ್ಲದಿದ್ದರೆ ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ ಇಷ್ಟು ಅಳು ಯಾಕಿದೆ?

ನನ್ನ ಕೆಲಸ ಹೋದ ವರ್ಷ ನಾನು ಚರ್ಚ್‌ನಲ್ಲಿ ನಗುನಗುತ್ತಾ 'ಸ್ತೋತ್ರ' ಹೇಳಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಸುಮ್ನೆ ಕೂರುತ್ತಿದ್ದೆ. ದೇವರ ಜೊತೆ ಮಾತು ಬಿಟ್ಟಿದ್ದೆ. ಕೋಪ ಇತ್ತು, ಹೇಳಲು ಭಯ ಇತ್ತು. ಆಗ 13ನೇ ಕೀರ್ತನೆ ಸಿಕ್ಕಿತು. ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ 'ಇನ್ನು ಎಷ್ಟು ದಿನ' ಎಂಬ ಪ್ರಶ್ನೆ. ನನ್ನನ್ನು ಮರೆತೇಬಿಟ್ಟೆಯಾ ಅಂತ ನೇರವಾಗಿ ಕೇಳುತ್ತಾನೆ ದಾವೀದ. ದೇವರ ಜೊತೆ ಹೀಗೆ ಮಾತಾಡಬಹುದಾ! ಮಾತಾಡಬಹುದು ಅಂತ ದೇವರ ವಾಕ್ಯವೇ ಹೇಳುತ್ತಿದೆ.

ಆ ಕೀರ್ತನೆ ಕೊನೆಗೆ ಹಾಡಿನಲ್ಲಿ ಮುಗಿಯುತ್ತದೆ. ಆದರೆ 88ನೆಯದು ಹಾಗಲ್ಲ. ಅದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಒಳ್ಳೆಯ ಮಾತೂ ಇಲ್ಲ. ಆದರೂ 150 ಕೀರ್ತನೆಗಳ ಸಾಲಿನಲ್ಲಿ ಅದಕ್ಕೂ ಜಾಗ ಇದೆ. ಯಾರೂ ಅದನ್ನು ತಿದ್ದಿ ಬರೆಯಲಿಲ್ಲ.

ಹಾಗಾಗಿ, ಏನೂ ಅನಿಸುತ್ತಿಲ್ಲ ಅನ್ನುವುದನ್ನೇ ದೇವರಿಗೆ ಹೇಳಿ ನೋಡಿ. 'ಸ್ವಾಮಿ, ಇವತ್ತು ನಿನ್ನ ಹತ್ತಿರ ಕೂರಲು ಮನಸ್ಸೇ ಇಲ್ಲ. ಆದರೂ ಬಂದಿದ್ದೇನೆ.' ಪತ್ರಿಕೆಗೆ ಇಷ್ಟು ನಿಜ ಬರೆದಿದ್ದೀರಿ. ಅದರಲ್ಲಿ ಅರ್ಧ ದೇವರಿಗೆ ಹೇಳಿದ್ದೀರಾ?

— ಓದುಗ, 39

*

ನಾನು ಕಥೋಲಿಕಳು. ನಮ್ಮಲ್ಲಿ ಜಪಸರ ಇದೆ. ಮನಸ್ಸು ಹಾರಿದರೂ ಬೆರಳು ಮಣಿಯ ಮೇಲಿರುತ್ತದೆ, ಅಲ್ಲಿಗೇ ವಾಪಸ್ ಬರುತ್ತೇನೆ. ನಿಮಗೆ ಅದು ಒಗ್ಗದಿರಬಹುದು, ಒತ್ತಾಯವಿಲ್ಲ. ಆದರೆ ರಾತ್ರಿಗೆ ಒಂದು ಅಭ್ಯಾಸ ಹೇಳುತ್ತೇನೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ್ದು. ಮಲಗುವ ಮುಂಚೆ ಆ ದಿನವನ್ನು ದೇವರ ಜೊತೆ ಕೂತು ಹಿಂದಿರುಗಿ ನೋಡುವುದು. ಮೊದಲು ಥ್ಯಾಂಕ್ಸ್. ಆಮೇಲೆ ಬೆಳಿಗ್ಗೆಯಿಂದ ಏನೇನಾಯಿತು, ಎಲ್ಲಿ ದೇವರ ಕೈ ಇತ್ತು, ಎಲ್ಲಿ ನಾನು ಕೈ ಕೊಸರಿಕೊಂಡೆ. ಕ್ಷಮೆ. ನಾಳೆಗೆ ಒಂದು ಬೇಡಿಕೆ. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಬೇಡಿ, ಮಧ್ಯಾಹ್ನದವರೆಗೆ ಬರುವಷ್ಟರಲ್ಲಿ ಗೊರಕೆ ಶುರುವಾಗುತ್ತದೆ. ಅನುಭವದ ಮಾತು.

ದೇವರು ಮಾತಾಡಿದರು ಅಂತ ಬೇರೆಯವರು ಹೇಳುವಾಗ ನನಗೂ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ಸುಮಾರು ಐವತ್ತು ವರ್ಷ ಅವರಿಗೆ ಒಳಗೆ ಬರೀ ಕತ್ತಲು, ಬರೀ ಮೌನ. ಆ ಐವತ್ತು ವರ್ಷವೂ ದಿನಾ ಪ್ರಾರ್ಥನೆಗೆ ಹೋದರು, ದಿನಾ ರೋಗಿಗಳನ್ನು ಎತ್ತಿದರು. ಅದನ್ನು ಓದಿದ ಮೇಲೆ ಬೇರೆಯವರ ಸಾಕ್ಷಿಯಿಂದ ನನ್ನನ್ನು ಅಳೆಯುವುದು ನಿಲ್ಲಿಸಿದೆ. ಪೂರ್ತಿ ಅಲ್ಲ, ಸುಮಾರಾಗಿ.

— ಓದುಗಿ, 47

*

'ಪಾಪ ಹುಡುಕು' ಅನ್ನುವ ಸಲಹೆ ನನಗೂ ಹಿಡಿಸಲಿಲ್ಲ. ಹುಡುಕಬೇಕಾದಷ್ಟು ಆಳದಲ್ಲಿರುವುದನ್ನು ದೇವರೇ ತೋರಿಸುತ್ತಾರೆ, ನೀವು ಅಗೆಯಬೇಡಿ. ಆದರೆ ಹುಡುಕದೇ ಗೊತ್ತಿರುವುದು ಏನಾದರೂ ಇದ್ದರೆ?

ನನಗೆ ಇತ್ತು. ತಮ್ಮನ ಜೊತೆ ಆಸ್ತಿ ವಿಷಯಕ್ಕೆ ಮಾತು ಬಿಟ್ಟು ಮೂರು ವರ್ಷ. ಪ್ರಾರ್ಥನೆಗೆ ಕೂತ ಕೂಡಲೇ ಅವನ ಮುಖ. ಸೈತಾನ ತೊಂದರೆ ಕೊಡುತ್ತಿದ್ದಾನೆ ಅಂತ ಗದರಿಸುತ್ತಿದ್ದೆ. ಮತ್ತಾಯ 5ರ 23, 24ನೇ ವಚನ ಓದಿದ ದಿನ ನಗು ಬಂತು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಒಂದಾಗು, ಆಮೇಲೆ ಬಾ. ಸೈತಾನ ಅಲ್ಲ, ಕರೆಯುತ್ತಿದ್ದವರು ಬೇರೆ. ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಮೂರನೇ ಸಲ ಎತ್ತಿದ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು! ಆಸ್ತಿ ಇನ್ನೂ ಹಾಗೇ ಇದೆ. ಪ್ರಾರ್ಥನೆಗೆ ಕೂತಾಗ ಮುಖ ಬರುವುದು ನಿಂತಿಲ್ಲ, ಆದರೆ ಈಗ ಅವನಿಗಾಗಿಯೇ ಬೇಡುತ್ತೇನೆ.

ನಿಮಗೆ ಯಾರಾದರೂ ಹೊಡೆದು ಬಡಿದು ಹಿಂಸೆ ಕೊಟ್ಟಿದ್ದರೆ ಈ ಮಾತು ನಿಮಗಲ್ಲ. ಅಲ್ಲಿಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ.

— ಓದುಗ, 52

*

ಮಗಳೇ, ನನಗೆ 74. ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತದೆ ಅಂತ ಅಷ್ಟು ದುಃಖಪಡುತ್ತೀಯಲ್ಲ, ಗೆತ್ಸೇಮನೆ ತೋಟದಲ್ಲಿ ಪೇತ್ರ, ಯಾಕೋಬ, ಯೋಹಾನ ಮೂವರೂ ಮಲಗಿಬಿಟ್ಟರು. ಅದೂ ಎಂಥ ರಾತ್ರಿ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ! ಯೇಸು ಮೂರು ಸಲ ಬಂದು ನೋಡಿದರು. ಬೇಜಾರಾಯಿತು ಅವರಿಗೆ, ಇಲ್ಲ ಅನ್ನುವುದಿಲ್ಲ. ಆದರೆ ಮನಸ್ಸಿದೆ, ಮೈಗೆ ಬಲ ಸಾಲದು ಅಂತ ಅವರೇ ಹೇಳಿದರು. ಮಲಗಿದವರನ್ನು ಅಲ್ಲೇ ಬಿಟ್ಟು ಹೋಗಲೂ ಇಲ್ಲ. ಏಳಿ, ಹೋಗೋಣ ಅಂದರು.

ನಮ್ಮಾಕೆ ಇದ್ದಾಗ ಇಬ್ಬರೂ ಒಟ್ಟಿಗೆ ಪ್ರಾರ್ಥನೆ ಮಾಡುತ್ತಿದ್ದೆವು. ಅವಳದು ಉದ್ದ, ನನ್ನದು ಮೊಳಕೈ ತಿವಿಸಿಕೊಂಡು ಎಚ್ಚರವಾಗಿ ಆಮೆನ್ ಅನ್ನುವುದು. ಅವಳ ಒಂದು ನೋಟ್‌ಬುಕ್ ಇದೆ. ಎಡಗಡೆ ತಾರೀಕು ಮತ್ತು ಹೆಸರು, ಬಲಗಡೆ ಖಾಲಿ. ಕೇಳಿದ್ದು ಸಿಕ್ಕಿದಾಗ ಬಲಗಡೆ ಬರೆಯುತ್ತಿದ್ದಳು. ಕೆಲವು ಕಡೆ 'ಆಯಿತು', ಕೆಲವು ಕಡೆ 'ಇಲ್ಲ'. ಅವಳದೇ ಕಾಯಿಲೆಯ ಮುಂದೆ ಏನೂ ಬರೆದಿಲ್ಲ. ಅದನ್ನು ತುಂಬಲು ನನಗೆ ಇನ್ನೂ ಕೈ ಬಂದಿಲ್ಲ. ಆ ಪುಟ ಹಾಗೇ ಬಿಟ್ಟು, ಮುಂದಿನ ಪುಟದಿಂದ ನಾನು ಬರೆಯುತ್ತಾ ಬಂದಿದ್ದೇನೆ.

ನಿನ್ನ ಹೆಸರು ಪತ್ರಿಕೆಯವರು ಹಾಕಿರಲಿಲ್ಲ. ಹಾಗಾಗಿ ಮೊನ್ನೆ ಎಡಗಡೆ 'ನಿದ್ದೆ ಮಾಡುವ ಮಗಳು' ಅಂತ ಬರೆದುಕೊಂಡೆ. ಬಲಗಡೆ ಏನು ಬರೆಯಬೇಕೆಂದು ಗೊತ್ತಾದಾಗ ಒಂದು ಸಾಲು ಪತ್ರಿಕೆಗೆ ಬರೆದು ತಿಳಿಸು.

— ಓದುಗ, 74