ಕಂಪನಿ ಟಯರಿಗೆ ಆರು ವರ್ಷ ದಾಟಿತು, ಗ್ರಿಪ್ ಇನ್ನೂ ಉಂಟು: ಮಳೆಗೆ ಮೊದಲೇ ಬದಲಿಸಬೇಕಾ?

ಮುಳ್ಳೇರಿಯ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು 2019ರ ಆರಂಭದಲ್ಲಿ ತೆಗೆದುಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು ಮೂವತ್ತು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾಲ್ಕೂ ಟಯರ್ ಶೋರೂಮಿನಿಂದ ಬಂದದ್ದೇ. ಸ್ಟೆಪ್ನಿಯನ್ನು ಇವತ್ತಿನವರೆಗೆ ಹೊರಗೆ ತೆಗೆದದ್ದೇ ಇಲ್ಲ. ಪೇಟೆಗೆ ಹೋಗಿ ಬರುವುದು, ಆಗಾಗ ಕಾಸರಗೋಡು, ಅಮ್ಮನನ್ನು ಡಾಕ್ಟರಿಗೆ ತೋರಿಸಲು ಮಂಗಳೂರು, ಮತ್ತೆ ಅಕ್ಕನ ಮನೆ ಮಡಿಕೇರಿಯಲ್ಲಿ ಇರುವುದರಿಂದ ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವುದು. ಉಳಿದ ಹೊತ್ತು ಕಾರು ಅಂಗಳದಲ್ಲೇ ಇರುತ್ತದೆ, ಬಿಸಿಲಿಗೆ.

ಮೊನ್ನೆ ವೀಲ್ ಅಲೈನ್‌ಮೆಂಟ್ ಮಾಡಿಸಲು ಹೋದಾಗ ಅಂಗಡಿಯವರು ನಾಲ್ಕನ್ನೂ ಬದಲಿಸಿ ಅಂದರು. ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ, ಇನ್ನೂ ಹತ್ತು ಸಾವಿರ ಆರಾಮಾಗಿ ಓಡುತ್ತದೆ ಅನ್ನುತ್ತಾರೆ. ಅಪ್ಪನಿಗೂ ಹಾಗೇ ಅನಿಸಿದೆ, ಗ್ರಿಪ್ ಇರುವ, ಅಂದರೆ ಮೇಲಿನ ಸಂದಿ ಇನ್ನೂ ಸವೆದು ಹೋಗದ ಟಯರ್ ಯಾಕೆ ಬಿಸಾಡುವುದು ಅಂತ. ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತದೆ, ಅದು ಬಿಟ್ಟರೆ ಪಂಚರ್ ಕೂಡ ಹೆಚ್ಚು ಆಗಿಲ್ಲ. ಜೂನ್ ಹತ್ತಿರ ಬಂತು. ಈಗಲೇ ಬದಲಿಸಬೇಕಾ, ಮಳೆಗಾಲ ಮುಗಿದ ಮೇಲೆ ಸಾಕಾ? ನಾಲ್ಕೂ ಒಟ್ಟಿಗೆ ಅಂದರೆ ಸಣ್ಣ ದುಡ್ಡಲ್ಲ. ಗೊತ್ತಿದ್ದವರು ಹೇಳಿ.

ಸೀತಾಂಗೋಳಿ_ವೀಲ್:

ನಾನು ಇದೇ ಕೆಲಸದಲ್ಲಿ ಇರುವವನು, ಆದರೆ ನಿಮಗೆ ಟಯರ್ ಮಾರಲು ಇದನ್ನು ಬರೆಯುತ್ತಿಲ್ಲ. ಮೊದಲು ಕಿಲೋಮೀಟರ್ ಲೆಕ್ಕ ಬದಿಗಿಡಿ. ಟಯರಿನ ಬದಿಯಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಕಾರಿನ ಅಡಿಗೆ ಬಗ್ಗಿ ಒಳಬದಿ ನೋಡಿ, ಕೆಲವು ಟಯರಿನಲ್ಲಿ ಅಂಕೆ ಒಂದೇ ಕಡೆ ಇರುತ್ತದೆ. ಟಯರ್ ಕಾರಿಗಿಂತ ಕೆಲವು ತಿಂಗಳು ಹಳೆಯದಿರುವುದು ಮಾಮೂಲು, ಗಾಬರಿ ಬೇಡ.

ಈಗ ಬಿರುಕಿನ ವಿಷಯ. ರಬ್ಬರು ಓಡಿದರೆ ಮಾತ್ರ ಹಾಳಾಗುವುದಲ್ಲ, ಸುಮ್ನೆ ನಿಂತರೂ ಹಾಳಾಗುತ್ತದೆ. ಗಾಳಿಯ ಆಕ್ಸಿಜನ್, ಓಝೋನ್, ಬಿಸಿಲು ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಇದನ್ನು ತಡೆಯಲೆಂದೇ ರಬ್ಬರಿನಲ್ಲಿ ಒಂದು ಜಾತಿ ಮೇಣ ಬೆರೆಸಿರುತ್ತಾರೆ. ಟಯರ್ ಓಡುತ್ತಾ ಬಾಗುತ್ತಾ ಇದ್ದರೆ ಆ ಮೇಣ ಮೇಲ್ಮೈಗೆ ಬರುತ್ತಾ ಇರುತ್ತದೆ. ಕಾರು ಅಂಗಳದಲ್ಲೇ ನಿಂತರೆ ಬಿಸಿಲೂ ಬೀಳುತ್ತದೆ, ಮೇಣವೂ ಸರಿಯಾಗಿ ಮೇಲೆ ಬರುವುದಿಲ್ಲ. ಅದಕ್ಕೇ ಕಡಿಮೆ ಓಡಿದ ಕಾರಿನ ಟಯರ್ ಗ್ರಿಪ್ ತುಂಬಾ ಇದ್ದು ರಬ್ಬರು ಸತ್ತಿರುತ್ತದೆ. ಇಂಥದ್ದು ನಮ್ಮಲ್ಲಿಗೆ ಬರುವುದು ಜಾಸ್ತಿ ಊರ ಮನೆಗಳಿಂದಲೇ.

ಟಯರ್ ಕಂಪನಿ ಮಿಶೆಲಿನ್‌ನವರ ಸಲಹೆ, ಬಳಕೆಗೆ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ತಪಾಸಣೆ, ತಯಾರಾಗಿ ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲು, ಸ್ಟೆಪ್ನಿ ಕೂಡ. ಹತ್ತು ಅನ್ನುವುದು ಕೊನೆಯ ಗಡಿ. ಅಲ್ಲಿಯವರೆಗೆ ಎಳೆಯಬಹುದು ಅಂತ ಅರ್ಥ ಅಲ್ಲ. ಬಿರುಕು ಉಗುರಿಗೆ ಸಿಗುವಷ್ಟು ಆಳ ಇದ್ದರೆ, ಟ್ರೆಡ್ಡಿನ (ರಸ್ತೆಗೆ ತಾಗುವ ಭಾಗದ) ಸಂದಿಯ ತಳದಲ್ಲೂ ಇದ್ದರೆ, ಬದಿ ಎಲ್ಲಾದರೂ ಉಬ್ಬಿದ್ದರೆ ಮತ್ತೆ ಯೋಚನೆ ಬೇಡ. ಉಬ್ಬಿದೆ ಅಂದರೆ ಒಳಗಿನ ನೂಲು ತುಂಡಾಗಿದೆ, ಅದು ಯಾವಾಗ ಒಡೆಯುತ್ತದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ.

ಉಪ್ಪಳ_ರೋಡ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಅಣ್ಣ ಬೇಜಾರು ಮಾಡಬಾರದು. ಬಿರುಕು ಕಂಡ ಕೂಡಲೇ ನಾಲ್ಕೂ ಬದಲು ಅನ್ನುವುದು ಸರಿಯಲ್ಲ. ಮೇಲ್ಮೈಯ ಕೂದಲೆಳೆ ಬಿರುಕು ತುಂಬಾ ಟಯರಿನಲ್ಲಿ ಇರುತ್ತದೆ. ಟ್ಯಾಕ್ಸಿ ಓಡಿಸುವ ನಮ್ಮಂಥವರಿಗೆ ವಯಸ್ಸಾಗುವ ಮೊದಲೇ ಟಯರ್ ಸವೆದು ಹೋಗುತ್ತದೆ, ಹಾಗಾಗಿ ನಾವು ನೋಡುವುದು ಸವೆತ. ಟ್ರೆಡ್ಡಿನ ದೊಡ್ಡ ಸಂದಿಗಳ ಒಳಗೆ ಅಡ್ಡಕ್ಕೆ ಸಣ್ಣ ದಿಣ್ಣೆ ಇರುತ್ತದೆ. ಬದಿಯಲ್ಲಿ ಟಿಡಬ್ಲ್ಯುಐ ಅಂತಲೋ ತ್ರಿಕೋನವೋ ಇರುವ ನೇರಕ್ಕೆ ಹುಡುಕಿದರೆ ಸಿಗುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಟ್ರೆಡ್ ಆ ದಿಣ್ಣೆಗೆ ಸಮ ಆದರೆ ಕಾನೂನಿನ ಪ್ರಕಾರವೂ ಟಯರ್ ಮುಗಿಯಿತು.

ಎಲ್ಲಿ ಸವೆದಿದೆ ಅಂತಲೂ ನೋಡಿ. ನಡು ಮಾತ್ರ ಸವೆದರೆ ಗಾಳಿ ಜಾಸ್ತಿ ಹಾಕಿದ್ದಾರೆ. ಎರಡು ಅಂಚು ಸವೆದರೆ ಗಾಳಿ ಕಡಿಮೆ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಣ ಸರಿ ಮಾಡದೆ ಹೊಸದು ಹಾಕಿದರೆ ಅದೂ ಹಾಗೇ ಹೋಗುತ್ತದೆ ಮಾರಾಯ್ರೆ.

ಪೆರ್ಲ_ಅಕ್ಕ:

1.6 ಅನ್ನುವುದು ಕಾನೂನಿನ ಗಡಿ, ನಮ್ಮ ಮಳೆಯ ಗಡಿ ಅಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟಿನಲ್ಲೇ. ಹೊಸ ಟಯರಿನ ಸಂದಿ ಸಾಧಾರಣ 7-8 ಮಿಲಿಮೀಟರ್ ಆಳ ಇರುತ್ತದೆ. ಅದು ಅಲಂಕಾರಕ್ಕಲ್ಲ, ಚಕ್ರದ ಅಡಿಯ ನೀರು ಹೊರಗೆ ಹೋಗಲು ಇರುವ ದಾರಿ. ದಾರಿ ಸಣ್ಣದಾದರೆ ನೀರು ಹೋಗುವುದಿಲ್ಲ, ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗ್ ಒಮ್ಮೆಲೇ ಹಗುರ ಆಗುತ್ತದೆ, ಬ್ರೇಕ್ ಒತ್ತಿದರೂ ಪ್ರಯೋಜನ ಇಲ್ಲ. ಆಕ್ಸಿಲರೇಟರ್ ಮೆಲ್ಲ ಬಿಟ್ಟು ಸ್ಟೇರಿಂಗ್ ನೇರ ಹಿಡಿಯುವುದೊಂದೇ ದಾರಿ. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಮಳೆ ಹೊತ್ತು ದಿನಾ ಓಡಾಡುವವಳು ನಾನು, ತಗ್ಗಿನಲ್ಲಿ ನೀರು ನಿಂತ ಜಾಗ ಕಂಡರೆ ವೇಗ ಇಳಿಸಿಯೇ ಹೋಗುತ್ತೇನೆ. ತಲಪಾಡಿ ಕಡೆಗೆ ಹೆದ್ದಾರಿ ಆರು ಪಥ ಆದ ಮೇಲೆ ಎಲ್ಲರ ವೇಗವೂ ಏರಿದೆ, ಅಪಾಯ ಅಲ್ಲೇ ಜಾಸ್ತಿ.

ಹಾಗಾಗಿ ನನ್ನ ಲೆಕ್ಕ 3 ಮಿಲಿಮೀಟರ್. ಅದಕ್ಕಿಂತ ಕಡಿಮೆ ಇದ್ದರೆ ಮೇ ತಿಂಗಳಲ್ಲೇ ಬದಲಿಸಿ. ಆಳ ಅಳೆಯುವ ಗೇಜ್ ದೊಡ್ಡ ಬೆಲೆಯದ್ದಲ್ಲ, ಒಂದು ತೆಗೆದಿಡಿ. ಅಂಚು, ನಡು ಎರಡೂ ಕಡೆ ಅಳೆಯಿರಿ. ಮಳೆಗಾಲ ಮುಗಿದ ಮೇಲೆ ಬದಲಿಸುವುದು ಅಂದರೆ ಟಯರಿನ ಕೆಲಸ ಇರುವ ತಿಂಗಳಲ್ಲಿ ಹಳೆಯದನ್ನು ಓಡಿಸಿ, ಒಣ ರಸ್ತೆಗೆ ಹೊಸದು ಹಾಕಿದ ಹಾಗೆ ಆಯಿತು. ಅಮ್ಮನನ್ನು ಕೂರಿಸಿಕೊಂಡು ಹೋಗುವ ಕಾರು ಅಲ್ವಾ?

ಮುಳ್ಳೇರಿಯ_ಮನೆ:

ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಇವತ್ತು ನೋಡಿದೆ. ನಾಲ್ಕರಲ್ಲೂ 4618 ಅಂತ ಉಂಟು, ಸ್ಟೆಪ್ನಿಯಲ್ಲೂ ಅದೇ. ಆಳ ಮುಂದೆ 3ಕ್ಕೆ ಸ್ವಲ್ಪ ಕಡಿಮೆ, ಹಿಂದೆ 4ರ ಮೇಲೆ. ಹಿಂದಿನ ಎರಡರಲ್ಲಿ ಸಂದಿಯ ತಳದಲ್ಲೂ ಬಿರುಕು ಉಂಟು, ಉಗುರಿಗೆ ಸಿಗುತ್ತದೆ. ಉಬ್ಬಿದ್ದು ಎಲ್ಲೂ ಇಲ್ಲ. ಈಗ ಮುಂದಿನ ಎರಡಕ್ಕೆ ಮಾತ್ರ ಹೊಸದು ಹಾಕಿ, ಹಿಂದಿನದ್ದು ಮುಂದಿನ ವರ್ಷ ನೋಡಿದರೆ ಆಗುತ್ತದಾ?

ಉಪ್ಪಳ_ರೋಡ್:

ಸಂದಿಯ ತಳದಲ್ಲಿ ಬಿರುಕು ಇದ್ದರೆ ನನ್ನ ಮಾತು ಅಲ್ಲಿಗೆ ನಿಂತಿತು. ಬದಲಿಸಿ.

ಸೀತಾಂಗೋಳಿ_ವೀಲ್:

ನಾಲ್ಕೂ ಬದಲಿಸುವುದೇ ಸರಿ. ದುಡ್ಡಿನ ತೊಂದರೆ ಇದ್ದು ಎರಡೇ ಸಾಧ್ಯ ಅಂದರೆ ಹೊಸ ಎರಡು ಹಿಂದಕ್ಕೆ ಹಾಕಬೇಕು, ಮುಂದಕ್ಕಲ್ಲ. ಮುಂದಿನ ಚಕ್ರ ಎಳೆಯುವ ಕಾರಿಗೆ ಹೊಸದು ಮುಂದೆ ಅಂತ ತುಂಬಾ ಜನ ತಿಳಿದಿದ್ದಾರೆ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿತ ಸಿಗುವುದುಂಟು. ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರು ತಿರುಗಿಯೇ ಬಿಡುತ್ತದೆ. ಸಂಪಾಜೆ ಘಾಟಿಯಲ್ಲಿ ಹಾಗಾದರೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ನಿಮ್ಮ ಮುಂದಿನ ಎರಡು 3ಕ್ಕಿಂತ ಕಡಿಮೆ ಇರುವುದರಿಂದ ಹಾಗೆ ಮಾಡಿದರೂ ಮಳೆಗೆ ಪೂರ್ತಿ ಧೈರ್ಯ ಇಲ್ಲ, ಸ್ವಲ್ಪ ಕಷ್ಟವಾದರೂ ನಾಲ್ಕಕ್ಕೇ ಹೋಗಿ ಅನ್ನುವುದು ಅದಕ್ಕೇ.

ಕಂಪನಿಯಿಂದ ಬಂದ ಅದೇ ಮಾಡೆಲ್ ಬೇಕೆಂದಿಲ್ಲ. ಕಾರು ಕಂಪನಿಯವರು ಟಯರ್ ಆರಿಸುವಾಗ ಮೈಲೇಜ್, ಸದ್ದು, ಬೆಲೆ ಎಲ್ಲ ನೋಡಿರುತ್ತಾರೆ. ನೀವು ಅಂಗಡಿಯಲ್ಲಿ ಒದ್ದೆ ರಸ್ತೆಯ ಹಿಡಿತ ಯಾವುದಕ್ಕೆ ಚೆನ್ನಾಗಿದೆ ಅಂತ ಕೇಳಿ. ಸೈಜ್ ಮಾತ್ರ ಅದೇ ಇರಲಿ. 185/65 ಆರ್15 88ಎಚ್ ಅಂತ ಇದ್ದರೆ 88 ಅಂದರೆ ಒಂದು ಟಯರ್ 560 ಕಿಲೋ ಹೊರುತ್ತದೆ ಅಂತ, ಆ ಅಂಕೆಗಿಂತ ಕಡಿಮೆಯದ್ದು ಬೇಡ. ಹೊಸದನ್ನು ಹಾಕಿಸುವ ಮೊದಲು ಅದರ ನಾಲ್ಕು ಅಂಕೆಯನ್ನೂ ಓದಿ. ಅಂಗಡಿಯಲ್ಲೇ ಎರಡು ವರ್ಷ ಕೂತದ್ದನ್ನು ಹೊಸ ಬೆಲೆಗೆ ತೆಗೆದುಕೊಳ್ಳಬೇಡಿ.

ಸ್ಟೆಪ್ನಿಗೂ ಅಷ್ಟೇ ವಯಸ್ಸಾಯಿತು. ಪಂಚರ್ ಆದರೆ ಹತ್ತಿರದ ಅಂಗಡಿಯವರೆಗೆ ಮೆಲ್ಲ ಹೋಗಲು ಸದ್ಯ ಸಾಕು, ಅದರಲ್ಲಿ ಮಂಗಳೂರಿಗೆ ಹೋಗಬೇಡಿ. ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಇರುತ್ತದೆ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿಸಿ. ಹೊಸ ಟಯರಿನ ಮೇಲ್ಮೈ ಮೊದಮೊದಲು ಸ್ವಲ್ಪ ಜಾರುತ್ತದೆ, ಒಂದು ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲ ಓಡಿಸಿ, ಜೋರಾಗಿ ಬ್ರೇಕ್ ಹಾಕಬೇಡಿ. ಮಡಿಕೇರಿಗೆ ಹೋಗುವುದಿದ್ದರೆ ಅದಾದ ಮೇಲೆ ಹೋಗಿ.